ಮಾಸ್ತರರ ಮೈ, ನನ್ನ ಬಾಯಿ

ಐವತ್ತೊಂದನೆಯ ವಯಸ್ಸಿನಲ್ಲೂ ನನ್ನ ಮೈ ಬಳ್ಳಿಯ ಹಾಗಿತ್ತು. ಅದಕ್ಕಾಗಿ ನಾನು ಒಂದು ದಿನವೂ ಬೆವರು ಸುರಿಸಿದವಳಲ್ಲ. ನಮ್ಮ ಸಿಹಿ ಅಂಗಡಿ ಪೇಟೆಯ ತಿರುವಿನಲ್ಲಿದೆ, ಅದರ ಬೆನ್ನಿಗೇ ಮನೆ. ಹಾಸಿಗೆಯಿಂದ ಒಲೆಗೆ ಹನ್ನೆರಡು ಹೆಜ್ಜೆ, ಒಲೆಯಿಂದ ಅಂಗಡಿಯ ಕಟ್ಟೆಗೆ ಐದು. ನನ್ನ ದಿನದ ನಡಿಗೆ ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಬಾಣಲೆಯ ಜಿಲೇಬಿ ಎರಡು, ಮಧ್ಯಾಹ್ನ ಮೂರಕ್ಕೆ ಒಂದು ಬಟ್ಟಲು ಕುಂದಾ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೇಸನ್ ಉಂಡೆ. ಹದ ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹದ ನೋಡಲು ಒಂದು ಬಟ್ಟಲು ಬೇಕೇನು ಎಂದು ಕೇಳುವವರು ಯಾರೂ ಇರಲಿಲ್ಲ. ಅಪ್ಪ ಇದ್ದಾಗ ಕೇಳುತ್ತಿದ್ದ. ಮಾರುವವರು ತಿನ್ನಬಾರದು ಎಂಬುದು ಅವನ ಕಟ್ಟಪ್ಪಣೆ. ಅವನು ಹೋಗಿ ಹನ್ನೊಂದು ವರ್ಷವಾಗಿತ್ತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಂದ ದಾರಿಯಲ್ಲೇ ತಿರುಗಿ ಹೋಗಿತ್ತು. ಉಳಿದದ್ದು ಅಂಗಡಿ, ಬಾಣಲೆ ಮತ್ತು ಈ ಚಂಪಕ್ಕ.

ನಮ್ಮ ಊರಿನಲ್ಲಿ ತಿಂದದ್ದರ ರುಚಿ ತಿಂದವರಿಗೇ, ಹಸಿವು ಇಂಗುವುದೂ ತಿಂದವರಿಗೇ. ಆದರೆ ಅದು ಮೈಗೆ ಮಾಡುವ ಒಳ್ಳೆಯದು ಕೆಟ್ಟದ್ದೆಲ್ಲ ಊರಲ್ಲೇ ಇರುವ ಇನ್ನೊಬ್ಬರಿಗೆ ಸೇರುತ್ತದೆ. ಅವರು ತಿಂದದ್ದು, ನಡೆದದ್ದು, ದುಡಿದದ್ದು ನಮ್ಮ ಮೈಗೆ ಬರುತ್ತದೆ. ಹೀಗೆ ಇಬ್ಬಿಬ್ಬರು. ಅವರನ್ನು ಮೈಪಾಲಿನವರು ಎನ್ನುತ್ತೇವೆ. ಯಾರಿಗೆ ಯಾರು ಎಂದು ಹುಟ್ಟಿದಾಗ ಯಾರೂ ಹೇಳುವುದಿಲ್ಲ. ಕೆಲವರಿಗೆ ಸಾಯುವತನಕ ತಿಳಿಯುವುದೇ ಇಲ್ಲ. ಮದುವೆ ಊಟದಲ್ಲಿ ಬಡಿಸುವವರು ‘ಸಾವಕಾಶ ಉಣ್ರೀ, ಯಾರದೋ ಹೊಟ್ಟಿ ಐತಿ’ ಎನ್ನುತ್ತಲೇ ಬಡಿಸುತ್ತಾರೆ. ಹೆಂಡದ ವಾಸನೆಯೂ ಗೊತ್ತಿಲ್ಲದ ನಮ್ಮ ಗುಡಿಯ ಪೂಜಾರಿ ಸೋಮವಾರ ಬೆಳಿಗ್ಗೆ ತಲೆ ಹಿಡಿದುಕೊಂಡು ಕೂತರೆ ಯಾರೂ ಅವರನ್ನು ಅನುಮಾನಿಸುವುದಿಲ್ಲ. ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟು, ಭಾನುವಾರ ಯಾರು ಎಲ್ಲಿ ಕೂತಿದ್ದರು ಎಂದು ವಿಚಾರಿಸಲು ಹೊರಡುತ್ತಾರೆ.

ಇಂಥ ಊರಲ್ಲಿ ಡಾಕ್ಟರಿಕೆ ಸುಲಭವಲ್ಲ. ರೋಗಿ ಎದುರಿಗೆ ಕೂತಿರುತ್ತಾನೆ, ಪಥ್ಯ ಮಾಡಬೇಕಾದವರು ಬೇರೆಲ್ಲೋ ಕೂತು ಉಪ್ಪಿನಕಾಯಿ ನೆಕ್ಕುತ್ತಿರುತ್ತಾರೆ. ಅದಕ್ಕೆ ನಮ್ಮ ಡಾಕ್ಟರ್ ಮೆಹರುನ್ನಿಸಾ ಬಾಯಿ ತಮ್ಮ ದವಾಖಾನೆಯ ಹೊರಗೆ ಒಂದು ಕರಿಹಲಗೆ ತೂಗುಹಾಕಿದ್ದರು. ‘ಉಂಡ ಕೂಡಲೇ ಮಲಗುವವರು ಯಾರೋ, ದಯವಿಟ್ಟು ಅರ್ಧ ತಾಸು ಕೂತಿರಿ. ಒಬ್ಬ ಬಾಣಂತಿಗೆ ಎದೆ ಉರಿಯುತ್ತಿದೆ.’ ‘ಉಪ್ಪಿನಕಾಯಿಯವರು ಕೈ ಬಿಗಿ ಹಿಡಿಯಿರಿ.’ ಜನ ಪೇಪರು ಓದಿದ ಹಾಗೆ ನಿಂತು ಓದುತ್ತಿದ್ದರು. ಕೆಲವರು ಓದಿ, ಅತ್ತಿತ್ತ ನೋಡಿ, ಸುಮ್ಮನೆ ಜಾರಿಕೊಳ್ಳುತ್ತಿದ್ದರು. ಅವರನ್ನು ನೋಡಿ ನಾನು ನಗುತ್ತಿದ್ದೆ.

ನಾನು ನಗುತ್ತಿದ್ದದ್ದು ಅವರನ್ನು ನೋಡಿ ಮಾತ್ರವಲ್ಲ. ನಮ್ಮ ಶಾಲೆಯ ಡ್ರಿಲ್ ಮಾಸ್ತರ ಅಡಿವೆಪ್ಪನವರು ಊರಿಗೇ ದಪ್ಪ ಮನುಷ್ಯ. ಆದರೂ ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಚಳಿಯಿರಲಿ ಮಂಜಿರಲಿ, ಊರ ಸುತ್ತ ಓಡುತ್ತಿದ್ದರು. ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವರ ಕೊನೆಯ ಸುತ್ತು. ಮೊದಲು ಉಸಿರಿನ ಸದ್ದು ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು. ಊರವರು ‘ಪಾಪ, ಯಾರದೋ ಬಾಯಿ’ ಎಂದು ಮರುಗುತ್ತಿದ್ದರು. ನಾನೊಬ್ಬಳೇ ಒಂದು ದಿನ, ನಾಲ್ಕು ಜನರ ಮುಂದೆ, ‘ಮಾಸ್ತರ್ರೀ, ರಸ್ತೆ ಸವದೈತಿ, ನೀವು ಸವದಿಲ್ಲ!’ ಎಂದು ಕೂಗಿದ್ದೆ. ಅವರು ನಿಲ್ಲದೆ, ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋಗಿದ್ದರು.

ಯುಗಾದಿ ಕಳೆದ ಮೇಲೆ ಒಂದು ದಿನ ಸಕ್ಕರೆ ತರಲು ದವಾಖಾನೆಯ ಮುಂದಿನಿಂದ ಹೋಗುವಾಗ ಹಲಗೆಯ ಮೇಲೆ ಹೊಸ ಬರಹ ಕಂಡಿತು. ‘ಹನ್ನೊಂದಕ್ಕೆ, ಮೂರಕ್ಕೆ ಮತ್ತು ದೀಪ ಹಚ್ಚುವ ಹೊತ್ತಿಗೆ ಸಿಹಿ ತಿನ್ನುವವರಿಗೆ ವಿನಂತಿ. ಒಬ್ಬರ ಎದೆಗೆ ತ್ರಾಸಾಗುತ್ತಿದೆ. ಸಿಹಿ ಕಡಿಮೆ ಮಾಡಿರಿ. ಸ್ವಲ್ಪ ನಡೆಯಿರಿ.’ ಓದಿ, ಅತ್ತಿತ್ತ ನೋಡಿ, ನಾನೂ ಸುಮ್ಮನೆ ಜಾರಿಕೊಂಡೆ. ಮೂರು ಗಂಟೆಗೆ ಊರಲ್ಲಿ ಹತ್ತು ಜನ ತಿನ್ನಬಹುದು, ನಾನೇ ಏಕಾಗಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಆದರೂ ಇರಲಿ ಎಂದು ಕುಂದಾ ತಿನ್ನುವುದನ್ನು ಮೂರೂವರೆಗೆ ಹಾಕಿಕೊಂಡೆ. ನಾಲ್ಕು ದಿನದಲ್ಲಿ ಹಲಗೆಯ ಮೇಲೆ ಇನ್ನೊಂದು ಸಾಲು ಸೇರಿತು: ‘ಮೂರೂವರೆಗೂ ಬೇಡ.’

ಅಂದು ನನ್ನ ಕಿವಿ ಬಿಸಿಯಾದದ್ದು ನಿಜ. ಆದರೆ ಬಾಯಿ ಬಿಡಲಿಲ್ಲ, ತಿನ್ನುವುದನ್ನು ಬಿಡಲೂ ಇಲ್ಲ. ನನ್ನ ಮೈ ನೋಡಿ ಪೇಟೆಯ ಹೆಂಗಸರು ‘ನಿನ್ನ ಸಲುವಾಗಿ ಯಾರೋ ಭಾಳ ದುಡೀತಾರ ನೋಡ ಚಂಪಕ್ಕ’ ಎಂದಾಗಲೆಲ್ಲ ‘ಅವರ ಹಣೆಬರಹ’ ಎಂದುಬಿಡುತ್ತಿದ್ದೆ. ಯಾರು ಎಂದು ತಿಳಿದರೆ ಆ ಮಾತು ಆಡಲಿಕ್ಕಾಗುವುದಿಲ್ಲ. ತಿಳಿಯದೆ ಇರುವುದೇ ಸುಖ ಅನ್ನಿಸಿತ್ತು.

ಆಷಾಢದಲ್ಲಿ ಅಪ್ಪನ ಕಾಲದ ಒಲೆ ನಡುವೆ ಬಿರುಕು ಬಿಟ್ಟು ಒಂದು ಬದಿ ಕುಸಿಯಿತು. ಅಂಗಡಿಗೆ ಬಾಗಿಲು ಹಾಕಿದೆ. ಒಲೆ ಕಟ್ಟುವ ಗೌಂಡಿಯ ಮನೆ ಊರ ಕೆಳತುದಿಯಲ್ಲಿ. ನಾಳೆ ಬರುತ್ತೇನೆ ಎನ್ನುವವನು, ಬರುವವನಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವನ ಬಾಗಿಲಿಗೆ ಹೋಗಿ ನಿಲ್ಲುವುದೇ ನನ್ನ ಕೆಲಸವಾಯಿತು. ಒಂಬತ್ತು ದಿನ ಹಾಗೇ ನಡೆದೆ. ಬಾಣಲೆ ಇಲ್ಲದ್ದರಿಂದ ಜಿಲೇಬಿಯೂ ಇಲ್ಲ, ಕುಂದಾವೂ ಇಲ್ಲ. ಹತ್ತನೆಯ ದಿನ ಒಲೆಯ ಕೆಲಸ ಮುಗಿಸಿ ಗೌಂಡಿಯನ್ನು ಕಳಿಸಿ, ಸಾಮಾನು ತರಲು ದವಾಖಾನೆಯ ಮುಂದಿನಿಂದ ಹೊರಟಿದ್ದೆ. ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು:

‘ಮೂರು ಗಂಟೆಯವರಿಗೆ ಧನ್ಯವಾದ. ಒಂಬತ್ತು ದಿನದಿಂದ ಅವರ ಉಸಿರು ಹಗುರಾಗಿದೆ. ನೀವು ನಡೆಯುತ್ತಿರುವ ಹಾಗಿದೆ. ಬಹಳ ದಿನದ ಮೇಲೆ ಅವರು ಬೆನ್ನು ನೆಲಕ್ಕೆ ಹಚ್ಚಿ ನಿದ್ದೆ ಮಾಡಿದ್ದಾರೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.’

ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬೈಸಿಕೊಂಡು ಬೆಳೆದ ಮೈ ನನ್ನದು. ಆದರೆ ಒಲೆ ಒಡೆದದ್ದಕ್ಕೆ, ಗೌಂಡಿ ಸುಳ್ಳು ಹೇಳಿದ್ದಕ್ಕೆ ಯಾರೋ ನನಗೆ ದೇವರ ಹೆಸರಿನಲ್ಲಿ ಒಳ್ಳೆಯದು ಕೋರಿದ್ದು ಎದೆಗೆ ಚುಚ್ಚಿತು. ಬೆನ್ನು ನೆಲಕ್ಕೆ ಹಚ್ಚಿ ಮಲಗಲಾಗದೆ ಯಾರೋ ಕೂತು ಕೂತೇ ರಾತ್ರಿ ಕಳೆಯುತ್ತಿದ್ದರು; ನಾನು ಅವರ ಪಾಲಿನ ನಿದ್ದೆಯನ್ನೂ ಸೇರಿಸಿ ಹಾಯಾಗಿ ಮಲಗಿದ್ದೆ. ಸಾಮಾನು ತರುವುದು ಬಿಟ್ಟು ದವಾಖಾನೆಯ ಮೆಟ್ಟಿಲು ಹತ್ತಿದೆ.

‘ಬಾಯಾರ, ಆ ಮೂರು ಗಂಟೆಯವಳು ನಾನs,’ ಅಂದೆ.

ಮೆಹರುನ್ನಿಸಾ ಬಾಯಿ ಕನ್ನಡಕ ತೆಗೆದು ಒರೆಸಿದರು. ‘ಮೂರೂವರೆಯವರೂ ನೀವs ಏನು?’

‘ಹೌದ್ರೀ.’

‘ಅವರ ಹೆಸರು ಹೇಳಬೇಕಂದ್ರ ಇಬ್ಬರೂ ಒಪ್ಪಬೇಕು. ಅವರು ಒಪ್ಪಿ ಎರಡು ವರ್ಷ ಆತು. ನೀವು?’

ನಾನು ತಲೆಯಾಡಿಸಿದೆ. ಅವರು ಕಂಪೌಂಡರನನ್ನು ಶಾಲೆಗೆ ಓಡಿಸಿದರು. ಶಾಲೆ ಎಂದಾಗಲೇ ನನಗೆ ಅರ್ಥವಾಗಬೇಕಿತ್ತು. ಆದರೆ ಮನಸ್ಸು ಬೇಡದ್ದನ್ನು ಬೇಗ ಅರ್ಥ ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೆ ಮೊದಲು ಉಸಿರಿನ ಸದ್ದು ಬಂತು, ಆಮೇಲೆ ಅಡಿವೆಪ್ಪ ಮಾಸ್ತರರು ಬಂದರು. ಮೂರು ಮೆಟ್ಟಿಲು ಹತ್ತಿ ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು.

‘ಮಾಸ್ತರ, ಇವರs ನಿಮ್ಮ ಮೈಪಾಲಿನವರು,’ ಎಂದರು ಡಾಕ್ಟರು.

ನಾನು ನೆಲ ನೋಡಿದೆ. ಬೈಗುಳ ಬರಲಿ ಎಂದು ಕಾದೆ. ಬರಲಿಲ್ಲ. ತಲೆಯೆತ್ತಿ ನೋಡಿದರೆ ಮಾಸ್ತರರ ಮುಖದಲ್ಲಿ ಸಿಟ್ಟು ಬಂದು, ಹೋಗಿ, ಮತ್ತೆ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ಸುತ್ತಾಡುತ್ತಿತ್ತು.

‘ಅಕ್ಕಾರ,’ ಎಂದರು ಕೊನೆಗೆ, ‘ಹನ್ನೊಂದ ವರ್ಷ ಓಡೇನ್ರೀ. ಸಜ್ಜಿ ರೊಟ್ಟಿ, ಹೆಸರುಕಾಳು ಬಿಟ್ಟು ಬ್ಯಾರೆ ಮುಟ್ಟಿಲ್ಲ. ನನ್ನ ತ್ರಾಸು ಇನ್ನೊಬ್ಬರಿಗೆ ಬ್ಯಾಡ ಅಂದೆ. ಯಾರ ಸಲುವಾಗಿ ಅಂತ ಗೊತ್ತಿರಲಿಲ್ಲ.’ ಚೌಕಟ್ಟು ಬಿಟ್ಟು ಒಳಗೆ ಬಂದು, ‘ಒಂದೀಟ ನಡದ ತೋರಸ್ರೀ,’ ಎಂದರು.

ನಾನು ಆ ಗೋಡೆಯಿಂದ ಈ ಗೋಡೆಯವರೆಗೆ ನಡೆದೆ. ಮತ್ತೆ ತಿರುಗಿ ನಡೆದೆ. ಕೈಯಾರೆ ಕಟ್ಟಿದ ಮನೆಯನ್ನು ಮೊದಲ ಸಲ ಹೊರಗೆ ನಿಂತು ನೋಡುವವರ ಹಾಗೆ ಅವರು ನೋಡಿದರು.

‘ಚಲೋ ಆಗೇತಿ,’ ಎಂದರು. ‘ಮೊಣಕಾಲು ನೋಯ್ತಾವೇನ್ರೀ?’

‘ಇಲ್ರೀ.’

‘ನೋಯಬಾರದು. ಏರಿ ಹತ್ತೂವಾಗ ಭಾಳ ಜ್ವಾಕಿಲೇ ಓಡೇನಿ.’

ನನಗೆ ಅಳು ಬಂತು, ಡಾಕ್ಟರಿಗೆ ನಗು ಬಂತು. ಮೂವರೂ ಕೂತು ಚಹಾ ಕುಡಿದೆವು. ನನ್ನ ಕಪ್ಪಿಗೆ ಸಕ್ಕರೆ ಹಾಕಲು ಹೋದ ಕಂಪೌಂಡರನನ್ನು ಮಾಸ್ತರರು ಸೀಟಿ ಊದಿ ತಡೆದರು.

ಚಹಾ ಕುಡಿಯುತ್ತಾ ಅವರು ತಮ್ಮ ಆಸೆ ಹೇಳಿಕೊಂಡರು. ಶಾಲೆಯ ಬಯಲಿನಲ್ಲಿ ಒಂದು ಮಲ್ಲಗಂಬವಿದೆ. ನೆಲದಲ್ಲಿ ನೆಟ್ಟ ನುಣುಪಾದ ಸಾಗವಾನಿ ಕಂಬ. ಮಕ್ಕಳು ಅದನ್ನು ಹತ್ತಿ ಕಸರತ್ತು ಮಾಡುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ ಮಾಸ್ತರರು ಅದರ ತುದಿಯ ಮೇಲೆ ಒಂದೇ ಕಾಲಿನಲ್ಲಿ ನಿಂತವರಂತೆ. ಈಗ ಹನ್ನೊಂದು ವರ್ಷದಿಂದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಬೆತ್ತದಿಂದ ತೋರಿಸಿ ತೋರಿಸಿ ಕಲಿಸುತ್ತಿದ್ದಾರೆ. ‘ಹೇಳಿಕೊಟ್ಟದ್ದು ಮಕ್ಕಳಿಗೆ ಬರ್ತೈತಿ. ಆದ್ರ ಇನ್ನೊಮ್ಮೆ ನಾನs ಹತ್ತಬೇಕಂತ ಈ ಕೈ ತುಡೀತಾವ,’ ಎಂದರು.

‘ನಿಮ್ಮ ಹದಿನಾರು ಅಂದ್ರ ನನ್ನ ಇಪ್ಪತ್ತೊಂದು,’ ಎಂದು ಲೆಕ್ಕ ಹಾಕಿದೆ ನಾನು. ‘ಆಗ ಮನ್ಯಾಗ ನಳ ಇರಲಿಲ್ಲ. ಹೊಳಿಯಿಂದ ದಿನಾ ಹನ್ನೆರಡು ಕೊಡ ನೀರು ತರ್ತಿದ್ದೆ.’

ಮಾಸ್ತರರು ಕಪ್ಪು ಕೆಳಗಿಟ್ಟರು. ‘ಹಂಗಂದ್ರ ಅಂದು ಕಂಬದ ಮ್ಯಾಲ ನಿಂತವರು ನೀವೂ ಹೌದು.’

ಮರುದಿನ ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲೆ ನನ್ನ ತಾಲೀಮು ಶುರುವಾಯಿತು. ಅವರು ಮುಂದೆ ಓಡುವುದು, ನಾನು ಹಿಂದೆ ನಡೆಯುವುದು, ಅವರು ತಿರುಗಿ ಬಂದು ಸೀಟಿ ಊದುವುದು. ‘ಕೈ ಬೀಸ್ರಿ ಅಕ್ಕಾರ, ನನ್ನ ಭುಜ ಸಡಲಾಗ್ಲಿ! ಸೆಟೆದು ನಡೀರಿ, ನನ್ನ ಬೆನ್ನು ನೆಟ್ಟಗಾಗ್ಲಿ!’ ನಡೆಯುವಾಗ ಏದುಸಿರು ನನ್ನದು, ಆದರೆ ಮರುದಿನದ ನೋವು ಅವರದು. ಮೊದಲ ವಾರ ಪೂರ್ತಿ ಕುಂಟುತ್ತಾ ಬಂದರು, ಅದೂ ಹಿಗ್ಗಿನಿಂದ. ‘ನಿನ್ನೆ ಭಾರೀ ನಡದೀರಿ! ಮೀನಖಂಡ ಹಿಡಕೊಂಡು ಬಿಟ್ಟಾವು!’ ಎಂದು ಏರಿಯ ಮೇಲಿದ್ದವರಿಗೆಲ್ಲ ಹೇಳಿದರು. ನನಗೂ ಹಿಗ್ಗಾಯಿತು. ಬದುಕಿನಲ್ಲಿ ನಾನು ಮಾಡಿದ್ದನ್ನು ಯಾರಾದರೂ ಇಷ್ಟು ಬೇಗ ಗುರುತಿಸಿದ್ದು ಅದೇ ಮೊದಲು. ಎಷ್ಟು ಸಾವಿರ ಜಿಲೇಬಿ ಕೊಟ್ಟರೂ ಯಾರೂ ಮರುದಿನ ಬಂದು ಹೇಗಿತ್ತು ಎಂದು ಹೇಳಿದ್ದಿಲ್ಲ.

ನಡಿಗೆ ರೂಢಿಯಾಯಿತು. ಬಾಯಿ ರೂಢಿಯಾಗಲಿಲ್ಲ. ಹನ್ನೊಂದರದ್ದು ಬಿಟ್ಟೆ. ದೀಪ ಹಚ್ಚುವ ಹೊತ್ತಿನದ್ದು ಕಷ್ಟಪಟ್ಟು ಬಿಟ್ಟೆ, ಉಂಡೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಗೆ ಕೊಟ್ಟೆ. ಮೂರು ಗಂಟೆಯದ್ದು ಮಾತ್ರ ಬಿಡಲಿಲ್ಲ. ಬಿಡಬೇಕೆಂದು ಎದುರಿಗೆ ನೀರಿನ ತಂಬಿಗೆ ಇಟ್ಟುಕೊಂಡು ಕೂರುತ್ತಿದ್ದೆ. ಮನಸ್ಸು ಬೇಡ ಎನ್ನುವಷ್ಟರಲ್ಲಿ ಕೈ ಬಟ್ಟಲಿನಲ್ಲಿರುತ್ತಿತ್ತು. ಒಂದು ಚಮಚ ಎಂದು ಶುರುವಾಗಿ ಬಟ್ಟಲಿನ ತಳ ಕಾಣುತ್ತಿತ್ತು. ಶ್ರಾವಣದಲ್ಲಿ ಒಂದು ಮದುವೆಗೆ ಬೂಂದಿ ಮಾಡಿಕೊಡಬೇಕಾಗಿತ್ತು. ಬಿಸಿ ಬೂಂದಿ ರಾಶಿ ಬಿದ್ದಿತ್ತು, ಸುತ್ತ ಯಾರೂ ಇರಲಿಲ್ಲ. ಎಷ್ಟು ತಿಂದೆನೆಂದು ನನಗೆ ಈಗಲೂ ಹೇಳಲು ನಾಚಿಕೆ.

ಮರುದಿನ ಏರಿಯ ಮೇಲೆ ಮಾಸ್ತರರು ಓಡಲಿಲ್ಲ, ನಿಂತಿದ್ದರು. ಮುಖ ಊದಿತ್ತು.

‘ನಿನ್ನಿ ಏನ್ ತಿಂದ್ರೀ ಅಕ್ಕಾರ?’

‘ಏನೂ ಇಲ್ಲಲ್ಲ. ಎರಡು ರೊಟ್ಟಿ, ಬದನೀಕಾಯಿ ಪಲ್ಯ.’

‘ಅಕ್ಕಾರ, ಸುಳ್ಳು ನಿಮ್ಮ ಬಾಯಾಗ ಇರಬಹುದು. ಬೂಂದಿ ನನ್ನ ಹೊಟ್ಟ್ಯಾಗ ಐತಿ.’

ಏರಿಯ ಮೇಲೆ ಎಮ್ಮೆ ತೊಳೆಯಲು ಬಂದಿದ್ದ ನಾಲ್ಕು ಜನ ತಿರುಗಿ ನೋಡಿದರು. ನಾಲ್ಕು ಜನರ ಮುಂದೆ ನಾನೂ ಒಮ್ಮೆ ಅವರಿಗೆ ಅಂದಿದ್ದೆನೆಂಬುದು ಆಗ ನೆನಪಾಗಲಿಲ್ಲ. ಸಿಟ್ಟು ಬಂತು. ‘ನಾನೇನು ನಿಮ್ಮ ಮನಿ ಆಳೇನ್ರೀ? ನಾಲಿಗಿ ನಂದು, ಅಂಗಡಿ ನಂದು. ಐವತ್ತೊಂದು ವರ್ಷದಾಕಿಗೆ ಹುಡುಗರಿಗೆ ಊದಿದಂಗ ಸೀಟಿ ಊದ್ತೀರಿ!’ ಎಂದು ಬಾಯಿಗೆ ಬಂದದ್ದು ಅಂದು ಮನೆಗೆ ಬಂದೆ. ಅಂದು ಮೂರಕ್ಕೆ ಬೇಕೆಂದೇ ಎರಡು ಬಟ್ಟಲು ತಿಂದೆ. ರುಚಿ ಹತ್ತಲಿಲ್ಲ.

ಎರಡನೆಯ ದಿನ ಎದ್ದರೆ ಮೈ ಭಾರ. ಮೂರನೆಯ ದಿನ ಬಾಣಲೆ ಎತ್ತಲು ಹೋದರೆ ಸೊಂಟ ಹಿಡಿಯಿತು. ಸಂಜೆಗೆ ಎದೆಯಲ್ಲಿ ಬೆಂಕಿ ಬಿದ್ದ ಹಾಗೆ ಉರಿ, ಹುಳಿ ತೇಗು. ನನ್ನ ಜೀವಮಾನದಲ್ಲಿ ನನಗೆ ಹುಳಿ ತೇಗು ಬಂದಿರಲಿಲ್ಲ. ಅರ್ಥವಾಯಿತು. ಮಾಸ್ತರರು ಓಟ ನಿಲ್ಲಿಸಿದ್ದಾರೆ, ನಿಲ್ಲಿಸಿದ್ದಷ್ಟೇ ಅಲ್ಲ, ಏನನ್ನೋ ತಿಂದಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಮನೆಗೆ ಹೊರಟೆ. ದಾರಿಯುದ್ದಕ್ಕೂ ಅನ್ನಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಅರ್ಧ ದಾರಿಯಲ್ಲಿ ಏದುಸಿರು ಬಂದು ಒಂದು ಕಟ್ಟೆಯ ಮೇಲೆ ಕೂತೆ. ಹನ್ನೊಂದು ವರ್ಷ ಆ ಮನುಷ್ಯ ಇಂಥ ಮೈ ಹೊತ್ತುಕೊಂಡು ಓಡಿದ್ದು ಹೇಗೆ ಎಂಬ ಯೋಚನೆ ಅಲ್ಲಿ ಬಂತು. ಜೋಡಿಸಿದ ಮಾತುಗಳಲ್ಲಿ ಅರ್ಧ ಅಲ್ಲೇ ಉದುರಿದವು.

ಬಾಗಿಲು ತೆಗೆದವಳು ಅವರ ಹೆಂಡತಿ ಸಾವಂತ್ರಿ. ಸಣ್ಣ ಹೆಂಗಸು, ದೊಡ್ಡ ಕಣ್ಣು. ಮಾಸ್ತರರು ಒಳಗೆ ಚಾಪೆಯ ಮೇಲೆ ತಪ್ಪು ಮಾಡಿದ ಹುಡುಗನ ಹಾಗೆ ಕೂತಿದ್ದರು.

‘ಏನ್ ತಿಂದೀರಿ ಮಾಸ್ತರ?’ ಅಂದೆ.

‘ಮಿರ್ಚಿ ಭಜಿ,’ ಎಂದರು.

‘ಎಷ್ಟು?’

‘ಎಂಟು,’ ಎಂದಳು ಸಾವಂತ್ರಿ. ‘ಸಿಟ್ಟಿಲೇ ತಿಂದಾರ. ಹನ್ನೊಂದ ವರ್ಷದ ಮ್ಯಾಲ ಮೊದಲ ಸಲ.’

‘ಹ್ಯಾಂಗಿದ್ವು?’ ಎಂದು ಕೇಳಿಬಿಟ್ಟೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

ಮಾಸ್ತರರ ಮುಖ ಅರಳಿತು. ‘ಭಾಳ ಚಲೋ ಇದ್ವು ಅಕ್ಕಾರ,’ ಎಂದರು. ಅವರು ನಕ್ಕರು, ನಾನೂ ನಕ್ಕೆ, ನಕ್ಕು ಹುಳಿ ತೇಗಿದೆ. ಸಾವಂತ್ರಿ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

‘ನಗ್ರಿ, ಇಬ್ಬರೂ ನಗ್ರಿ. ಹನ್ನೊಂದ ವರ್ಷ ಉಪ್ಪು ಎಣ್ಣಿ ಇಲ್ಲದ ಅಡಿಗಿ ಮಾಡೇನಿ ನಾನು. ಸಾವಂತ್ರಿ ಕೈ ಅಡಿಗಿ ಸಪ್ಪ ಅಂತ ನನ್ನ ತವರಿನವರs ಆಡಿಕೊಂಡಾರ. ಈಗ ಗೊತ್ತಾತಲ್ಲ ಯಾರು ಅಂತ, ಇನ್ನರ ಸುಖ ಆದೀತು ಅಂದ್ರ ಒಬ್ಬರಿಗೊಬ್ಬರು ಪೋಲೀಸರಾಗೀರಿ. ಇವರು ಸೀಟಿ ಊದೂದು, ನೀವು ಕದ್ದು ತಿನ್ನೂದು. ಯಕ್ಕಾ, ಒಂದು ಕೇಳ್ತೇನಿ, ಖರೇ ಹೇಳ್ರಿ. ಆ ಮೂರು ಗಂಟೆಗೆ ಯಾಕ ತಿಂತೀರಿ? ಹಸಿವೇನು?’

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಡಾಕ್ಟರು ಎಷ್ಟು ಎಂದು ಕೇಳಿದ್ದರು, ಮಾಸ್ತರರು ಏನು ಎಂದು ಕೇಳಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

‘ಹಸಿವಿಲ್ಲ ಸಾವಂತ್ರಿ,’ ಅಂದೆ. ‘ಮೂರಕ್ಕ ಪ್ಯಾಟಿ ಖಾಲಿ ಇರ್ತೈತಿ. ಮುಂಜಾನಿಂದ ಊರಿಗೆಲ್ಲ ಕೊಟ್ಟು ಕೊಟ್ಟು ಕೂತಿರ್ತೇನಿ. ಉಂಡಿ ಏನು ಅಂತ ಕೇಳಾಕ ಒಂದು ಜೀವ ಇರೂದಿಲ್ಲ. ಆಗ ನನಗ ನಾನs ಒಂದು ಬಟ್ಟಲಾ ಕೊಟ್ಕೋತೇನಿ. ಯಾರೋ ಕೊಟ್ಟಂಗ ಅನಸ್ತೈತಿ.’

ಸಾವಂತ್ರಿ ಸೊಂಟದಿಂದ ಕೈ ತೆಗೆದಳು. ಒಳಗೆ ಹೋಗಿ ಎರಡು ಲೋಟ ಜೀರಿಗೆ ಕಷಾಯ ತಂದು ಎರಡನ್ನೂ ಮಾಸ್ತರರ ಕೈಗೆ ಕೊಟ್ಟಳು. ‘ಇವರ ಎದಿ ಉರಿ ಇಳೀಬೇಕಂದ್ರ ನೀವು ಕುಡೀಬೇಕು,’ ಎಂದಳು. ಅವರು ಮುಖ ಕಿವುಚಿ ಎರಡನ್ನೂ ಕುಡಿದರು. ಮನೆಗೆ ಬರುವಷ್ಟರಲ್ಲಿ ನನ್ನ ಎದೆ ತಣ್ಣಗಾಗಿತ್ತು.

ಮರುದಿನ ಮೂರಕ್ಕೆ ಅಂಗಡಿಯ ಮುಂದೆ ಸಾವಂತ್ರಿ ನಿಂತಿದ್ದಳು. ಕೈಯಲ್ಲಿ ಒಂದು ಡಬ್ಬಿ. ‘ಉಂಡ್ರೇನು?’ ಎಂದು ಕೇಳಿದಳು, ಬಾಗಿಲಲ್ಲೇ. ಡಬ್ಬಿಯಲ್ಲಿ ಹುರಿದ ಶೇಂಗಾ, ಸೌತೆಕಾಯಿ ಹೋಳು, ಮೇಲೆ ಚೂರು ಹಸಿಮೆಣಸಿನಕಾಯಿ. ಬೆಂಚಿನ ಮೇಲೆ ಕೂತು ಇಬ್ಬರೂ ತಿಂದೆವು. ಅವಳಿಗೆ ಮಾತು ಬಹಳ. ತವರಿನ ತಮ್ಮಂದಿರ ಜಗಳ, ಶಾಲೆಯ ಹೆಡ್ಮಾಸ್ತರರ ಹೆಂಡತಿಯ ಡೌಲು, ಗುಡಿಯ ಪೂಜಾರಿಯ ಮೈಪಾಲಿನವನು ಯಾರಿರಬಹುದೆಂಬ ಊಹೆ. ಗಡಿಯಾರ ನೋಡಿದಾಗ ನಾಲ್ಕು ದಾಟಿತ್ತು. ಕುಂದಾದ ಬಟ್ಟಲು ಅಲ್ಲೇ ಇತ್ತು. ನಾನು ಅದನ್ನು ಮರೆತಿದ್ದೆ. ಮರುದಿನವೂ ಬಂದಳು. ಬರಲಾಗದ ದಿನ ಬೆಳಿಗ್ಗೆಯೇ ಹೇಳಿ ಕಳಿಸುತ್ತಿದ್ದಳು, ಆಗ ನಾನೇ ಅಂಗಡಿಯ ಅರ್ಧ ಬಾಗಿಲು ಹಾಕಿ ಅವಳ ಮನೆಗೆ ನಡೆಯುತ್ತಿದ್ದೆ.

ಎಲ್ಲವೂ ನೆಟ್ಟಗೆ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದಸರೆಯಲ್ಲಿ ಮೂರು ದಿನ ಕೈ ತಪ್ಪಿತು. ಆದರೆ ಈಗ ಕದಿಯುತ್ತಿರಲಿಲ್ಲ. ಬೆಳಿಗ್ಗೆ ಏರಿಯ ಮೇಲೆ ನಾನೇ ಮೊದಲು ‘ಮಾಸ್ತರ, ನಿನ್ನಿ ಎರಡು ಜಿಲೇಬಿ’ ಎನ್ನುತ್ತಿದ್ದೆ. ಅವರು ‘ಹಂಗಾರ ಇವತ್ತು ಒಂದು ಸುತ್ತು ಜಾಸ್ತಿ’ ಎನ್ನುತ್ತಿದ್ದರು. ಸೀಟಿಯನ್ನು ಅವರು ಮನೆಯಲ್ಲಿ ಬಿಟ್ಟು ಬರತೊಡಗಿದ್ದರು. ಭಾನುವಾರಕ್ಕೆ ಮಾತ್ರ ಒಂದು ಕರಾರು ಮಾಡಿಕೊಂಡೆವು: ಮೂವರೂ ಅಂಗಡಿಯಲ್ಲಿ ಕೂತು ತಲೆಗೆ ಒಂದೊಂದು ಬಿಸಿ ಜಿಲೇಬಿ. ಮೊದಲ ಭಾನುವಾರ ಮಾಸ್ತರರು ಜಿಲೇಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ನಿಮ್ಮ ಮೈಗೆ ಬರ್ತೈತಿ ಅಕ್ಕಾರ, ನಡೀತೈತೇನ್ರೀ?’ ಎಂದು ಕೇಳಿದರು. ‘ತಿನ್ರೀ, ಒಂದು ಜಿಲೇಬಿ ನಾನೂ ಹೊರ್ತೇನಿ,’ ಅಂದೆ. ಅವರು ಕಣ್ಣು ಮುಚ್ಚಿ ಕಚ್ಚಿದರು. ಪಾಕ ಗದ್ದದ ಮೇಲೆ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ.

ಸಂಕ್ರಾಂತಿಯ ಹೊತ್ತಿಗೆ ಅವರ ಬೆಲ್ಟಿಗೆ ನಾಲ್ಕು ಹೊಸ ತೂತು ಬಿದ್ದಿದ್ದವು. ಅಂಗಡಿಗೆ ಬಂದರೆ ಮೊದಲು ಅವರೇ ಕಾಣುತ್ತಿದ್ದರು, ಉಸಿರು ಕೇಳಿಸುತ್ತಲೇ ಇರಲಿಲ್ಲ. ಸಾವಂತ್ರಿಯ ಮನೆಯಿಂದ ಒಗ್ಗರಣೆಯ ಘಮ ಬೀದಿಗೆ ಬರತೊಡಗಿತ್ತು. ನಾನು ಇದ್ದ ಹಾಗೆಯೇ ಇದ್ದೆ. ಒಂದೇ ವ್ಯತ್ಯಾಸವೆಂದರೆ ‘ನಿನ್ನ ಸಲುವಾಗಿ ಯಾರೋ ಭಾಳ ದುಡೀತಾರ’ ಎಂದವರಿಗೆ ಅವರ ಹೆಸರು, ಮನೆ, ಅವರು ಓಡುವ ಹೊತ್ತು ಎಲ್ಲವನ್ನೂ ಕೂರಿಸಿಕೊಂಡು ಹೇಳುತ್ತಿದ್ದೆ.

ಮಾಘದ ಒಂದು ಬೆಳಿಗ್ಗೆ ನಡಿಗೆ ಮುಗಿಸಿ ಮನೆಯ ಕಡೆ ತಿರುಗಿದವಳನ್ನು ಮಾಸ್ತರರು ಶಾಲೆಯ ಬಯಲಿಗೆ ಕರೆದರು. ಸಾವಂತ್ರಿ ಆಗಲೇ ಅಲ್ಲಿದ್ದಳು. ಕಸರತ್ತಿಗೆ ಬಂದ ಹದಿನೈದು ಇಪ್ಪತ್ತು ಮಕ್ಕಳು ಸುತ್ತ ನಿಂತಿದ್ದರು. ಮಾಸ್ತರರು ಕಂಬಕ್ಕೆ ಹರಳೆಣ್ಣೆ ಸವರಿ, ಅಂಗಿ ಬಿಚ್ಚಿ ಕುರ್ಚಿಯ ಮೇಲಿಟ್ಟು, ಕಂಬಕ್ಕೆ ಹಣೆ ಮುಟ್ಟಿಸಿದರು. ಮೊದಲ ಸಲ ಅರ್ಧಕ್ಕೆ ಹೋಗಿ ಸರ್ರನೆ ಜಾರಿ ಕೆಳಗೆ ಕೂತರು. ಮಕ್ಕಳು ಉಸಿರು ಬಿಗಿಹಿಡಿದರು. ಸಾವಂತ್ರಿ ನನ್ನ ಮುಂಗೈ ಹಿಡಿದಳು, ಬಳೆ ಒತ್ತಿ ನೋಯುವಷ್ಟು. ಎರಡನೆಯ ಸಲ ಅವರು ನಿಧಾನವಾಗಿ ಹೊರಟರು. ಕೈ, ಆಮೇಲೆ ತೊಡೆ, ಮತ್ತೆ ಕೈ. ಒಂದೊಂದು ಹಿಡಿತಕ್ಕೂ ನನಗೆ ನನ್ನ ಒಂದೊಂದು ಬೆಳಗಿನ ನಡಿಗೆ ಕಂಡಿತು. ಆ ತೋಳು ನಾನು ಬೀಸಿದ ಕೈಗಳಿಂದ ಆದದ್ದು, ಆ ಬೆನ್ನು ನಾನು ಸೆಟೆದು ನಡೆದದ್ದರಿಂದ ಆದದ್ದು. ಕೊನೆಗೆ ಕಂಬದ ತುದಿಯ ಗುಂಡನೆಯ ಗುಬ್ಬಿಗೆ ಕೈ ತಾಗಿತು. ಅದನ್ನು ಹಿಡಿದು, ಕಾಲು ಎಳೆದುಕೊಂಡು, ಮಾಸ್ತರರು ಅದರ ಮೇಲೆ ಕೂತರು. ಮಕ್ಕಳು ಹುಯಿಲೆಬ್ಬಿಸಿದರು. ಸಾವಂತ್ರಿ ಮುಖಕ್ಕೆ ಸೆರಗು ಹಿಡಿದಳು.

ಮಾಸ್ತರರು ಮೇಲಿನಿಂದ ಕೆರೆ ನೋಡಿದರು, ಪೇಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಅಕ್ಕಾರ, ಇನ್ನ ನಿಮ್ಮ ಪಾಳಿ!’

‘ಹುಚ್ಚು ಹಿಡೀತೇನ್ರೀ ಮಾಸ್ತರ? ನನಗ ಐವತ್ತೆರಡು ನಡೀತೈತಿ!’

‘ಇಲ್ಲಿ ಕೂಡ್ರೂದು ಆತು. ಒಂಟಿಗಾಲಿಲೆ ನಿಂದರಬೇಕಂದ್ರ ತೋಳಿನ್ಯಾಗ ಬಲ ಸಾಲವಲ್ದು. ಅದು ನೀವು ಹತ್ತಿದ್ರ ಬರ್ತೈತಿ. ಇಳೀತೇನಿ ತಡೀರಿ,’ ಎಂದವರೇ ಸರ್ರನೆ ಜಾರಿ ಕೆಳಗೆ ಬಂದು ಕಂಬ ಬಿಟ್ಟು ಪಕ್ಕಕ್ಕೆ ನಿಂತರು.

ಸಾವಂತ್ರಿ ಹಿಂದಿನಿಂದ ನನ್ನನ್ನು ನೂಕಿದಳು. ಮಕ್ಕಳು ದಾರಿ ಬಿಟ್ಟರು. ಕಚ್ಚೆ ಹಾಕಿಕೊಂಡೆ. ಕಂಬ ತಣ್ಣಗಿತ್ತು, ಎಣ್ಣೆಯ ಜಿಡ್ಡು, ಮಾಸ್ತರರ ಬೆವರು. ಎರಡೂ ಕೈಯಿಂದ ತಬ್ಬಿ, ಕಣ್ಣು ಮುಚ್ಚಿ, ಕಾಲು ಎತ್ತಿದೆ. ನೆಲದಿಂದ ಒಂದು ಗೇಣು ಇರಬಹುದು, ಎರಡು ಇರಬಹುದು. ಕೆಳಗೆ ಸಾವಂತ್ರಿ ಎಣಿಸತೊಡಗಿದಳು, ಒಂದು, ಎರಡು, ಮೂರು. ತೋಳು ನಡುಗಿತು. ‘ಹಿಡೀರಿ ಅಕ್ಕಾರ, ಹಿಡೀರಿ!’ ಎಂದು ಮಾಸ್ತರರು ಕೂಗಿದರು. ಏಳರವರೆಗೆ ನನಗೆ ಕೇಳಿಸಿತು. ಆಮೇಲಿನ ಎಣಿಕೆ ಮಕ್ಕಳ ಕೂಗಿನಲ್ಲಿ ಮುಳುಗಿಹೋಯಿತು. ನಾನು ಕೈ ಬಿಡಲಿಲ್ಲ.